ಡಬ್ಬಿಯೊಳಗೆ ಭಾವನ ಕೈ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಚಪಾತಿಗೆ ಕಣಕ ನಾದುತ್ತಿದ್ದವಳು ಅಭ್ಯಾಸಬಲದಿಂದ ನಿಂಬೆಹಣ್ಣಿನಷ್ಟು ಉಂಡೆಯೊಂದನ್ನು ಕಿತ್ತು ಬಟ್ಟಲಿನಲ್ಲಿಟ್ಟಳು. ಮರುಕ್ಷಣ ಏನೋ ನೆನಪಾದಂತೆ ಅದನ್ನು ತೆಗೆದು ಮತ್ತೆ ಮುದ್ದೆಗೇ ಸೇರಿಸಿದಳು. ನಾನು ಹೊಸ್ತಿಲ ಹತ್ತಿರ ಕುಳಿತು ಚಹಾ ಕುಡಿಯುತ್ತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಆ ಉಂಡೆ ಪಖವಾಜಿನ ಪಾಲು. ಮೃದಂಗದಂಥ ಈ ವಾದ್ಯದ ಎಡಗಡೆಯ ಚರ್ಮಕ್ಕೆ ಹಸಿ ಕಣಕ ಮೆತ್ತದಿದ್ದರೆ ತುಂಬಿದ ದನಿ ಬರುವುದಿಲ್ಲ. ಭಜನೆ ಮುಗಿದ ಮೇಲೆ ಅದನ್ನು ಕೆರೆದು ಕಾಗೆಗೆ ಹಾಕಬೇಕು. ನಮ್ಮಲ್ಲಿ ಪಖವಾಜು ಬಾರಿಸುತ್ತಿದ್ದವನು ಹೆಂಡತಿಯ ಅಣ್ಣ, ನನ್ನ ಭಾವ. ಅವನಿಗೆ ನಾನೂ ಭಾವನೇ. ಪ್ರತಿ ಶನಿವಾರ ಅವರ್ಸಾದಿಂದ ಬಸ್ಸಿನಲ್ಲಿ ಕಾರವಾರಕ್ಕೆ ಬಂದು, ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೇ ಕೂಗುತ್ತಿದ್ದ: “ತಂಗೀ, ನನ್ನ ಊಟ ಆಮೇಲಾಯ್ತು, ಮೊದ್ಲು ಇದರ ಊಟ ತಾ!” ಹೋದ ಶ್ರಾವಣದಿಂದ ಅವನು ಬರುತ್ತಿಲ್ಲ. ಜಗಳವೇನೂ ಆಗಿಲ್ಲ. ಆಗಿದ್ದರೆ ರಾಜಿ ಮಾಡಿಸುವವರಾದರೂ ಇರುತ್ತಿದ್ದರು.

ಕಾರಣ ಒಂದು ಡಬ್ಬಿ. ಡಬ್ಬಿಯದೇನು ತಪ್ಪು, ಕಾರಣ ನಾನು.

ನನ್ನದು ಮೈಕ್ ಸೆಟ್ಟಿನ ಅಂಗಡಿಯಾಗಿತ್ತು. ಮ್ಯಾಟ್ರಿಕ್ ಮುಗಿಸಿದವನು ಆ ಧಂದೆಗೆ ಇಳಿದು, ಮುದುಕನಾಗುವವರೆಗೂ ಮದುವೆ, ಮುಂಜಿ, ಚುನಾವಣೆ ಎಂದು ವೈರು ಎಳೆದೆ. ಜೀವನದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು “ಹಲೋ ಹಲೋ”. ಉತ್ತರ ಬಂದದ್ದು ಅಪರೂಪ. ಅಂಗಡಿ ಮುಚ್ಚಿದ ಮೇಲೂ ಗುಂಡಿ, ತಿರುಪು ಕಂಡರೆ ಕೈ ತುರಿಸುತ್ತದೆ. ನಮ್ಮ ಹಿಂದಿನ ಕೋಣೆಯಲ್ಲಿ ನೌಕಾನೆಲೆಯ ಕೆಲಸದ ಹುಡುಗನೊಬ್ಬ ಬಾಡಿಗೆಗಿದ್ದ. ವರ್ಗವಾಗಿ ಹೋಗುವಾಗ, “ಅಂಕಲ್, ಇದು ನನಗಿಂತ ನಿಮಗೇ ಹೆಚ್ಚು ಹೊಂದುತ್ತದೆ” ಎಂದು ಹಿಂದಿಯಲ್ಲಿ ಹೇಳಿ, ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಕೈಗಿತ್ತ. ಸಂಗೀತ ಮಾಡುವ ಯಂತ್ರ. ಅದನ್ನು ಕಲಿಯಲು ನನಗೆ ಒಂದಿಡೀ ಮಳೆಗಾಲ ಹಿಡಿಯಿತು.

ಅದರ ಮೇಲೆ ಸಾಲಾಗಿ ಹದಿನಾರು ಗುಂಡಿಗಳು. ಯಾವ ಗುಂಡಿ ಒತ್ತುತ್ತೀರೋ ಅದರೊಳಗೆ ದೀಪ ಹತ್ತುತ್ತದೆ. ಆಮೇಲೆ ಒಂದು ಕೆಂಪು ದೀಪ ಎಡದಿಂದ ಬಲಕ್ಕೆ ಓಡುತ್ತದೆ. ಹತ್ತಿದ ಗುಂಡಿ ಸಿಕ್ಕಲ್ಲೆಲ್ಲ ಒಂದು ಪೆಟ್ಟು. ಕೊನೆ ಮುಟ್ಟಿ ಮತ್ತೆ ಮೊದಲಿಗೆ. ಅದಕ್ಕೆ ದಣಿವಿಲ್ಲ, ಬಾಯಾರಿಕೆಯಿಲ್ಲ. ಇದಕ್ಕಿಂತ ನನ್ನನ್ನು ಮರುಳು ಮಾಡಿದ್ದು ಅದರ ತಿರುಪುಗಳು. ರೆಕಾರ್ಡ್ ಗುಂಡಿ ಒತ್ತಿ, ತಾಳ ನಡೆಯುತ್ತಿರುವಾಗ ಒಂದು ತಿರುಪನ್ನು ಮೆಲ್ಲಗೆ ತಿರುಗಿಸಿದರೆ, ನೀವು ತಿರುಗಿಸಿದ ರೀತಿಯನ್ನೇ ಅದು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸುತ್ತಿನಲ್ಲಿ ನಿಮ್ಮ ಕೈ ತೊಡೆಯ ಮೇಲೆ, ತಿರುಪು ಇದ್ದಲ್ಲೇ. ದನಿ ಮಾತ್ರ ನೀವು ತಿರುಗಿಸಿದಂತೆಯೇ ಉಬ್ಬುತ್ತದೆ, ಇಳಿಯುತ್ತದೆ. ಮನುಷ್ಯ ಎದ್ದು ಹೋದ ಮೇಲೂ ಅವನ ಕೈ ಕೆಲಸ ಮಾಡುತ್ತಿದ್ದ ಹಾಗೆ.

ಒಂದು ಶನಿವಾರ ಭಾವನನ್ನು ಕೂರಿಸಿ ಪಖವಾಜಿನ ಒಂದೊಂದೇ ಪೆಟ್ಟನ್ನು ಅದರೊಳಗೆ ಹಿಡಿದಿಟ್ಟೆ.

“ಎಂತಕೋ ಭಾವ, ಇದೆಲ್ಲ?”

“ಸುಮ್ನೆ. ನೆನಪಿಗೆ ಇರ್ಲಿ ಅಂತ.”

“ನೆನಪಿಗೆ? ನಾನೇನು ಹೊರಟು ನಿಂತಿದ್ನಾ?” ಎಂದು ನಕ್ಕು, ಇನ್ನೂ ನಾಲ್ಕು ಪೆಟ್ಟು ಹೆಚ್ಚಿಗೆಯೇ ಹಾಕಿಕೊಟ್ಟ.

ನನ್ನ ಮನಸ್ಸಿನಲ್ಲಿದ್ದದ್ದು ನೆನಪಲ್ಲ. ಎರಡು ವರ್ಷದಿಂದ ಭಾವನ ಲಯ ಇಳಿಯುತ್ತಿತ್ತು. ಚುರುಕಾಗಿ ಹೊರಟ ಭಜನೆ ಕೊನೆಯ ಚರಣಕ್ಕೆ ಬರುವಾಗ ಎತ್ತಿನ ಗಾಡಿಯಾಗುತ್ತಿತ್ತು. ಹಾಡುವವನು ನಾನು. ಪ್ರಾಯದಲ್ಲಿ ನಾವಿಬ್ಬರೂ ಕೂತರೆ ಗುಡಿಯ ಹೆಂಚು ಅದುರುತ್ತದೆ ಎನ್ನುತ್ತಿದ್ದರು. ಮುದುಕನಾದ, ಕೈ ಸೋತಿದೆ ಎಂದುಕೊಂಡೆ. ಹೇಳಲು ಬಾಯಿ ಬರಲಿಲ್ಲ. ಅವನ ಪೆಟ್ಟುಗಳನ್ನೇ ಹದಿನಾರು ಗುಂಡಿಗಳಿಗೆ ಹಂಚಿ, ನಮ್ಮ ಹಳೆಯ ವೇಗಕ್ಕೆ ಕಟ್ಟಿ, ಎಡಗೈಯ ಗುಂಯ್ ಎನ್ನುವ ಜಾರಿಕೆಯನ್ನು ತಿರುಪಿನಿಂದ ತುಂಬಿದೆ. ಕಿವಿಗೆ ಭಾವನೇ. ಪ್ರಾಯದ ಭಾವ.

ಶ್ರಾವಣದಲ್ಲಿ ನಮ್ಮ ಗುಡಿಯಲ್ಲಿ ಸಪ್ತಾಹ. ಏಳು ದಿನ ದೀಪದ ಸುತ್ತ ಭಜನೆ ನಿಲ್ಲುವಂತಿಲ್ಲ, ಕೇರಿಗೊಂದು ಪಾಳಿ. ಪಾಳಿ ಬದಲಾಗುವಾಗಲೂ ಸದ್ದು ಕಡಿಯಬಾರದು. ಹೊಸ ಪಖವಾಜಿನವನು ಹಳಬನ ಪಕ್ಕ ಕೂತು, ಅವನ ನಡೆ ಹಿಡಿದು ಬಾರಿಸತೊಡಗಿದ ಮೇಲೆಯೇ ಹಳಬ ಕೈಯೆತ್ತಬೇಕು. ನಮ್ಮ ಕೇರಿಗೆ ಮಧ್ಯಾಹ್ನದ ಪಾಳಿ, ಊಟ ಮಾಡಿದವರೆಲ್ಲ ತೂಕಡಿಸುವ ಹೊತ್ತು. ಎರಡು ಗಂಟೆಗೆ ಶುರು. ಭಾವನಿಗೆ ಫೋನಿನಲ್ಲಿ ನಾನು ಮೂರು ಎಂದೆ.

ಇದನ್ನು ಬರೆಯುವಾಗಲೂ ‘ಬಾಯಿ ತಪ್ಪಿ ಹೇಳಿದೆ’ ಎಂದು ಸೇರಿಸಲು ಪೆನ್ನು ಹವಣಿಸುತ್ತದೆ. ಬಾಯಿ ತಪ್ಪಿರಲಿಲ್ಲ.

ಡಬ್ಬಿಯನ್ನು ಮೈಕಿಗೆ ಜೋಡಿಸಿದೆ. ಹಿಂದಿನ ಪಾಳಿಯವನು ತನ್ನ ನಡೆ ಸಡಿಲಿಸಿ ಅದಕ್ಕೆ ಜಾಗ ಬಿಟ್ಟ, ನಾನು ಹಾಡಿದೆ. ಗುಡಿ ತುಂಬಿತು. ತೂಕಡಿಸುತ್ತಿದ್ದವರು ಎದ್ದು ಕೂತರು. ಮೂರನೆಯ ಭಜನೆಗೆ ನನಗೆ ಏದುಸಿರು ಬಂತು. ಧೂಪದ ಹೊಗೆ ಎಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ಭಾವ. ಬಗಲಲ್ಲಿ ಪಖವಾಜು, ಕೈಯಲ್ಲಿ ತಂಗಿ ಕೊಟ್ಟ ಕಣಕದ ಉಂಡೆ. ಸ್ವಲ್ಪ ಹೊತ್ತು ನಿಂತು ಕೇಳಿದ.

“ನನಗಿಂತ ಮೊದ್ಲೇ ನನ್ನ ಕೈ ಬಂದು ಕೂತದ್ಯಲ್ಲೋ ಭಾವ!” ಎಂದ. ಎಲ್ಲರೂ ನಕ್ಕರು. ಹಿರಿಯರೊಬ್ಬರು, “ಎಂತಾ ಮಾರಾಯಾ, ಇಷ್ಟು ತಡ?” ಎಂದು ಕೇಳಿದರು. ಭಾವ ನನ್ನ ಮುಖ ನೋಡಿದ. ನಾನು ಡಬ್ಬಿಯನ್ನು ನೋಡಿದೆ.

“ಬಸ್ಸು ಸಿಕ್ಲಿಲ್ಲ” ಎಂದ. ಉಂಡೆಯನ್ನು ಡಬ್ಬಿಯ ಪಕ್ಕದಲ್ಲಿಟ್ಟು, ಅಲ್ಲಿದ್ದ ಒಂದು ಜೊತೆ ಕಂಚಿನ ತಾಳ ಎತ್ತಿಕೊಂಡು ಗೋಡೆಗೆ ಒರಗಿ ಕೂತ.

ಮುಂದಿನ ಕೇರಿಯವರು ಬಂದಾಗ ಪಜೀತಿಯಾಯಿತು. ಅವರ ಪಖವಾಜಿನವನು ಪಕ್ಕದಲ್ಲಿ ಕೂತು ನಡೆ ಹಿಡಿಯಲು ನೋಡಿದ. ಮನುಷ್ಯನಾಗಿದ್ದರೆ ತುಸು ಸಡಿಲಿಸಿ ಜಾಗ ಕೊಡುತ್ತಿದ್ದ, ಡಬ್ಬಿ ಕೊಡಲಿಲ್ಲ. ಎರಡು ಲಯ ಡಿಕ್ಕಿ ಹೊಡೆದವು. ಗಾಬರಿಯಲ್ಲಿ ನಾನು ದನಿಯ ತಿರುಪನ್ನು ಇಳಿಸಿ ಮತ್ತೆ ಏರಿಸಿದೆ. ರೆಕಾರ್ಡ್ ಗುಂಡಿಗೆ ಯಾವಾಗಲೋ ಕೈ ತಾಗಿತ್ತು. ನನ್ನ ಗಾಬರಿಯನ್ನೂ ಡಬ್ಬಿ ನೆನಪಿಟ್ಟುಕೊಂಡಿತು! ಪ್ರತಿ ಸುತ್ತಿನಲ್ಲೂ ದನಿ ಮುಳುಗುವುದು, ಏಳುವುದು, ಮುಳುಗುವುದು. ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ. ಪೂರ್ತಿ ನಿಂತುಹೋಯಿತು.

ಆದರೆ ಸದ್ದು ಕಡಿದಿರಲಿಲ್ಲ. ಗೋಡೆಯ ಬದಿಯಿಂದ ಭಾವನ ತಾಳ ನಡೆಯುತ್ತಲೇ ಇತ್ತು. ಹೊಸಬ ಅದನ್ನು ಹಿಡಿದ, ಪಾಳಿ ದಾಟಿತು. ನಾನು ವೈರು ಸುತ್ತಿ ಮುಗಿಸುವಷ್ಟರಲ್ಲಿ ಭಾವ ಹೋಗಿಯಾಗಿತ್ತು. ಪಖವಾಜಿಗೆ ಆ ದಿನ ಊಟವಿರಲಿಲ್ಲ.

ಇವತ್ತು ಚಹಾದ ಲೋಟ ಕೆಳಗಿಟ್ಟು ಹೆಂಡತಿಗೆ ಹೇಳಿದೆ: “ಆ ಉಂಡೆ ಮತ್ತೆ ತೆಗಿ. ಅವರ್ಸಾಕ್ಕೆ ಹೋಗಿ ಬರ್ತೆ.”

ಈಗ ನೋಡಿದಳು. ಬಾಳೆಎಲೆಯಲ್ಲಿ ಕಟ್ಟಿಕೊಟ್ಟು, “ಡಬ್ಬಿ ಇಲ್ಲೇ ಇರ್ಲಿ” ಎಂದಳು.

ಭಾವ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ. ನಾನು ನಿಂತಲ್ಲೇ ಹೇಳಿಬಿಟ್ಟೆ: “ಪಾಳಿ ಎರಡಕ್ಕೆ ಇತ್ತು ಭಾವ. ಬೇಕಂತ್ಲೇ ಮೂರು ಹೇಳ್ದೆ.”

“ಗೊತ್ತಿತ್ತೋ. ಬಸ್ ಇಳೀತಿದ್ದಾಂಗೆ ಮೈಕಲ್ಲಿ ಕೇಳ್ತಿತ್ತು, ನಾ ಬಾರ್ಸ್ತಾ ಇದ್ದದ್ದು.” ಇನ್ನೊಂದು ಕಾಯಿ ಎತ್ತಿಕೊಂಡ. “ಛಲೋ ಬಾರ್ಸ್ತೆ ನಾನು.”

“ಸಿಟ್ಟು ಬಂದದ್ಯಾ?”

“ಸಿಟ್ಟು ಎಂತಕೆ? ಇನ್ನು ನಂಗೆ ಅಲ್ಲಿ ಕೆಲ್ಸ ಇಲ್ಲ ಅಂತ ತಿಳ್ಕಂಡೆ, ಅಷ್ಟೇ.”

ಎಲೆ ಬಿಚ್ಚಿ ಉಂಡೆಯನ್ನು ಮುಂದಿಟ್ಟೆ. ಅವನು ಬೆರಳಿನಿಂದ ಒತ್ತಿ ನೋಡಿ, “ತಂಗಿ ಕಲಸಿದ್ದು” ಎಂದು ಒಳಗೆ ಹೋಗಿ ಪಖವಾಜು ತಂದ. ಕಣಕ ಮೆತ್ತಿ ಶುರು ಮಾಡಿದ. ನಾನು ಬೆಪ್ಪಾಗಿ ಕೂತೆ. ಸೋತ ಕೈಯಲ್ಲ ಅದು. ಡಬ್ಬಿಗೆ ನಾನು ತುಂಬಿದ ವೇಗವನ್ನು ದಾಟಿ ಓಡುತ್ತಿತ್ತು.

“ಹಾಡು ಮತ್ತೆ. ಬಾಯಿ ಎಲ್ಲಿ ಬಿಟ್ಟು ಬಂದೆ?”

ಹಾಡಿದೆ. ಮೊದಲ ಚರಣ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ನನ್ನ ಉಸಿರು ಗಿಡ್ಡವಾಯಿತು. ಅವನ ಕೈ ಒಂದು ಕೂದಲೆಳೆ ಇಳಿಯಿತು. ಮೂರನೆಯದರಲ್ಲಿ ಇನ್ನಷ್ಟು. ಸಾಲಿನ ಕೊನೆಯಲ್ಲಿ ನಾನು ಗಾಳಿ ಎಳೆದುಕೊಳ್ಳುವಲ್ಲೆಲ್ಲ ಅವನು ಕಾದು ನಿಲ್ಲುತ್ತಿದ್ದ, ಕಾದದ್ದು ಯಾರಿಗೂ ಗೊತ್ತಾಗದ ಹಾಗೆ. ಎರಡು ವರ್ಷ ನನಗೂ ಗೊತ್ತಾಗಿರಲಿಲ್ಲ. ಆ ದಿನ ಗುಡಿಯಲ್ಲಿ ನನಗೆ ಏದುಸಿರು ತಂದದ್ದು ಧೂಪವಲ್ಲ.

ಹಾಡು ಮುಗಿಯಿತು. ಅವನು ಕಣಕ ಕೆರೆದು ಕಾಗೆಗೆ ಎಸೆದ. ಹೊರಡುವಾಗ, “ಬರೂ ಶನಿವಾರ ಬರ್ತ್ಯಾ?” ಎಂದು ಕೇಳಿದೆ.

“ಬರ್ತೆ. ಟೈಮು ಮಾತ್ರ ನೀ ಹೇಳ್ಬೇಡ. ತಂಗಿ ಹತ್ರ ಹೇಳ್ಸು.”

ಮನೆಗೆ ಬಂದು ಡಬ್ಬಿಯನ್ನು ಕಿಟಕಿಯ ಕಟ್ಟೆಯಿಂದ ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟೆ. ಒಳಗಿರುವ ಪೆಟ್ಟುಗಳನ್ನು ಅಳಿಸಿಲ್ಲ. ನೆನಪಿಗೆ ಎಂದು ಕೇಳಿ ಪಡೆದದ್ದು, ನೆನಪಿಗೇ ಇರಲಿ. ಸಂಜೆ ಹೆಂಡತಿ ಫೋನಿನಲ್ಲಿ ಅಣ್ಣನಿಗೆ ಭಜನೆಯ ಹೊತ್ತು ಹೇಳುತ್ತಿದ್ದಳು. ನಾನು ಹೊಸ್ತಿಲಲ್ಲಿ ಕೂತು ಕೇಳಿಸಿಕೊಂಡೆ. ಸರಿಯಾಗಿಯೇ ಹೇಳಿದಳು.