ಮಲಾಜಿನಲ್ಲಿ ಬಡಿಸಿದ ಎಲೆ

ಕುಲೆ, ಪ್ರೇತ, ಗಾಳಿ, ಸೋಂಕು ಎಂದರೆ ನನಗೆ ಮೊದಲಿನಿಂದಲೂ ನಗು. ನಾನು ಭೂಗೋಳದ ಟೀಚರು. ಮಳೆ ಯಾಕೆ ಬರುತ್ತದೆ, ಭೂಮಿ ಯಾಕೆ ನಡುಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವಳು ಮನೆಗೆ ಬಂದು ಬಾಗಿಲಿಗೆ ನಿಂಬೆಹಣ್ಣು ಕಟ್ಟಿಕೊಂಡು ಕೂತರೆ ಹೇಗೆ? ಪಡುಬಿದ್ರಿಯ ನಮ್ಮ ನೆಂಟರ ಮನೆಗಳಲ್ಲಿ ಹೆಂಗಸರು ಅಂಥ ಕತೆ ತೆಗೆದರೆ, "ನೀವು ಕಣ್ಣಾರೆ ಕಂಡದ್ದಾ? ಇಲ್ಲ ತಾನೆ? ಮತ್ತೆಂತಕ್ಕೆ ಮಾತು?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಈಗ ನಾನು ಹೇಳುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಹಕ್ಕು ನನಗಿಲ್ಲ. ಬೇರೆ ಯಾರಾದರೂ ಇದನ್ನು ಬರೆದಿದ್ದರೆ ನಾನೇ ಅರ್ಧಕ್ಕೆ ಓದಿ ಬದಿಗಿಡುತ್ತಿದ್ದೆ.

ಆಗ ನಾವು ರಿಯಾದಿನ ಮಲಾಜ್‌ನಲ್ಲಿದ್ದೆವು. ನಾನು ಅಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ನಮ್ಮವರು, ಸುಧಾಕರ, ನೀರಿನ ದೊಡ್ಡ ಪಂಪುಗಳನ್ನು ಕೂರಿಸುವ ಒಂದು ಕಂಪನಿಯಲ್ಲಿದ್ದರು. ಮಕ್ಕಳಿರಲಿಲ್ಲ. ಹೆಂಗಸರು ಕಾರು ಓಡಿಸುವಂತಿಲ್ಲದ ಕಾಲ ಅದು. ಸ್ಕೂಲು ಬಸ್ಸು ಬಿಟ್ಟರೆ ನನ್ನ ಲೋಕವೆಲ್ಲ ಆ ಎರಡು ಕೋಣೆಯ ಮನೆ, ಮತ್ತು ಎದುರು ಮನೆಯ ಜೈನಬಕ್ಕ. ಜೈನಬಕ್ಕ ಸುರತ್ಕಲ್ ಕಡೆಯ ಬ್ಯಾರಿ ಹೆಂಗಸು. ಅವರ ಗಂಡನಿಗೆ ಬತ್ಹಾ ಪೇಟೆಯಲ್ಲಿ ಅಂಗಡಿ. ನಾನೂ ಅವರೂ ತುಳು, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಬೈದರೂ ಬೈಸಿಕೊಳ್ಳಬೇಕೆನಿಸುವಂಥ ಮನುಷ್ಯೆ.

ಒಂದು ಅಕ್ಟೋಬರಿನಲ್ಲಿ ಕಂಪನಿ ಇವರನ್ನು ತರಬೇತಿಗೆಂದು ಜರ್ಮನಿಗೆ ಕಳಿಸಿತು. ಪಂಪಿನ ಕಾರ್ಖಾನೆ ಇದ್ದದ್ದು ಮೋಸೆಲ್ ಎಂಬ ನದಿಯ ಕಣಿವೆಯಲ್ಲಿ. ಫ್ರಾನ್ಸಿನ ಬೆಟ್ಟಗಳಲ್ಲಿ ಹುಟ್ಟಿ ರೈನ್ ನದಿಗೆ ಸೇರುವ ಹೊಳೆ ಅದು. ಇವರು ಇಳಿದುಕೊಂಡದ್ದು ಯೋಸೆಫ್ ಎಂಬ ಮುದುಕನ ಮನೆಯಲ್ಲಿ. ಅವನು ಹಿಂದೆ ಅದೇ ಕಾರ್ಖಾನೆಯಲ್ಲಿದ್ದವನು, ಈಗ ದ್ರಾಕ್ಷಿ ತೋಟ ನೋಡಿಕೊಂಡಿದ್ದ. ದಿನಾ ಸಂಜೆ ಇವರ ಫೋನು. ಊಟ ಆಯಿತಾ ಎಂದು ಕೇಳುವ ಮೊದಲೇ ಆ ಊರಿನ ಕತೆ. ಪಾಠ ಮಾಡುವವಳು ನಾನಾ ಅವರಾ ಎಂದು ನನಗೇ ಅನುಮಾನ ಬರುತ್ತಿತ್ತು.

"ಹೊಳೆ ಸೀದಾ ಹೋಗುವುದೇ ಇಲ್ಲ ಮಾರಾಯ್ತಿ, ನಮ್ಮ ಭಾವನ ಹಾಗೆ, ಎಲ್ಲಿಗೆ ಹೊರಟರೂ ಮೂರು ಕಡೆ ಸುತ್ತಿ ಬರುವುದು," ಎನ್ನುತ್ತಿದ್ದರು. ಅವರು ಹೇಳಿದ್ದೆಲ್ಲ ನನಗೆ ಬಾಯಿಪಾಠ. ಬಿಸಿಲು ಬೀಳುವ ಮಗ್ಗುಲಿನಲ್ಲಿ ಗೋಡೆಯಂಥ ಕಡಿದಾದ ಗುಡ್ಡ, ಅದರ ತುಂಬ ದ್ರಾಕ್ಷಿ. ಎದುರು ಮಗ್ಗುಲಿನಲ್ಲಿ ಕಾಡು. ಮಣ್ಣು ಎಂದರೆ ಮಣ್ಣಲ್ಲ, ಸ್ಲೇಟು ಕಲ್ಲಿನ ಚೂರು. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ದೋಸೆ ಕಾವಲಿಯ ಹಾಗೆ ಬಿಸಿಯಾಗಿಯೇ ಇರುತ್ತದಂತೆ. ಅದಕ್ಕೇ ಅಷ್ಟು ಚಳಿಯ ನಾಡಿನಲ್ಲೂ ದ್ರಾಕ್ಷಿ ಹಣ್ಣಾಗುತ್ತದೆ. ಮಳೆಗೆ ಜಾರಿ ಬಿದ್ದ ಕಲ್ಲನ್ನು ಹಿಂದಿನವರು ಬುಟ್ಟಿಯಲ್ಲಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಒಯ್ಯುತ್ತಿದ್ದರು. ಬಳ್ಳಿ ನೆಟ್ಟದ್ದು ಎರಡು ಸಾವಿರ ವರ್ಷದ ಹಿಂದೆ, ರೋಮಿನ ಸಿಪಾಯಿಗಳ ಕಾಲದಲ್ಲಿ. ಆಮೇಲೆ ಮಠದವರು ಬಂದರು, ಫ್ರೆಂಚರು ಬಂದರು, ಪ್ರಷ್ಯದವರು ಬಂದರು. ಫ್ರೆಂಚರ ಕಾನೂನಿನಿಂದ ಮಕ್ಕಳಿಗೆಲ್ಲ ಸಮಪಾಲು ಆಗಿ ಆಗಿ ತೋಟಗಳು ಪಂಚೆಯ ಅಂಚಿನಷ್ಟು ಅಗಲದ ಪಟ್ಟಿಗಳಾಗಿಬಿಟ್ಟವು. ಈಗ ಕಡಿದಾದ ಕಡೆ ದುಡಿಯಲು ಯಾರೂ ಇಲ್ಲ. ಎಷ್ಟೋ ಪಟ್ಟಿಗಳನ್ನು ಮುಳ್ಳುಪೊದೆ ನುಂಗಿದೆ. ನಾನು ಇದನ್ನೆಲ್ಲ ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ.

ನವೆಂಬರಿನ ಒಂದು ಭಾನುವಾರ ಫೋನು ಬರಲಿಲ್ಲ. ಸೋಮವಾರ ಕಾರ್ಖಾನೆಯಿಂದ ಬಂತು. ಇವರು ಹಿಂದಿನ ದಿನ ತಿರುಗಾಡಲು ಹೋದವರು ಮನೆಗೆ ಬಂದಿಲ್ಲ. ನೆರೆ ಬಂದಿದ್ದ ಹೊಳೆಯ ದಂಡೆಯಲ್ಲಿ ಇವರ ಟೊಪ್ಪಿ ಸಿಕ್ಕಿದೆ. ಪೊಲೀಸರು ದೋಣಿ ಹಾಕಿ ಕೆಳಮುಖವಾಗಿ ಹುಡುಕುತ್ತಿದ್ದಾರೆ.

ನಾನು ಅಳಲಿಲ್ಲ. ಅಳು ಬರಲೇ ಇಲ್ಲ. ಮೈಯೆಲ್ಲ ಮರಗಟ್ಟಿದ ಹಾಗಿತ್ತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ. ಮರುದಿನ ಸ್ಕೂಲಿಗೆ ಹೋದೆ, ಹಾಜರಿ ಕರೆದೆ. ಆಗ ಜರ್ಮನಿಗೆ ಹೋಗಬೇಕೆಂದರೂ, ಊರಿಗೆ ಹೋಗಬೇಕೆಂದರೂ ನನಗೆ ದಾರಿ ಇರಲಿಲ್ಲ. ನನ್ನ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಗಂಡನ ಹೆಸರಿನಲ್ಲಿತ್ತು. ದೇಶ ಬಿಟ್ಟು ಹೊರಡುವ ವೀಸಾ ನನಗೆ ತೆಗೆಸಿಕೊಡಬೇಕಾದವರು ಅವರೇ. ಕಂಪನಿಯ ಆಫೀಸಿನಲ್ಲಿ ಕೇಳಿದರೆ, "ಸಿಸ್ಟರ್, ಅವರು ಇದ್ದಾರೆ ಅಂತಾದ್ರೆ ಅವರೇ ಮಾಡ್ಬೇಕು. ಇಲ್ಲ ಅಂತಾದ್ರೆ ಅದಕ್ಕೆ ಕಾಗದ ಬೇಕು," ಎಂದರು. ಇದ್ದಾರೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ನಾನು ಆ ಎರಡರ ನಡುವೆ ಮನೆಯಲ್ಲಿ ಕೂತೆ.

ದಿನಾ ಯೋಸೆಫನಿಗೆ ಫೋನು ಮಾಡುತ್ತಿದ್ದೆ. ಅವನ ಇಂಗ್ಲಿಷು ಅಷ್ಟಕ್ಕಷ್ಟೆ. ಗುಡ್ಡದ ಕಡೆ ನೋಡಿದ್ದೀರಾ ಎಂದು ಒಮ್ಮೆ ಕೇಳಿದ್ದೆ. ಗುಡ್ಡ ದಾಟುವ ಕಾಲುದಾರಿಯ ಗೋಡೆ ಕುಸಿದು ಅದನ್ನು ಮುಚ್ಚಿದ್ದಾರೆ, ಗುಡ್ಡದಾಚೆ ಹೋದವರೆಲ್ಲ ಈಗ ಬಸ್ಸಿನಲ್ಲೇ ಹೊಳೆ ಸುತ್ತಿ ಬರುವುದು, ಸುಧಾಕರನೂ ಬಸ್ಸಿನಲ್ಲೇ ಬರುತ್ತಿದ್ದ ಎಂದ. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಗುರುವಾರ ಊರಿನಿಂದ ಅತ್ತೆಯ ಫೋನು ಬಂತು. ಅತ್ತೆ ಗಟ್ಟಿಗಿತ್ತಿ; ಅವರು ಅಳುವುದನ್ನು ನಾನು ಕಂಡವಳೇ ಅಲ್ಲ. ಆವತ್ತು ಸೀದಾ ವಿಷಯಕ್ಕೆ ಬಂದರು.

"ಜೋಯಿಸರ ಹತ್ರ ಪ್ರಶ್ನೆ ಇಟ್ಟೆ ಮಗಾ. ಅವನು ಹಸಿದಿದ್ದಾನಂತೆ. ಹಸಿವಿನಲ್ಲಿ ಅಲೀತಾ ಇದ್ದಾನೆ."

"ಅತ್ತೆ, ಇದೆಲ್ಲ ಬೇಡ."

"ನೀನು ಕಲಿತವಳು, ನಂಬುದು ಬೇಡ. ಆದ್ರೆ ಹಸಿದವನಿಗೆ ಒಂದೆಲೆ ಬಡಿಸ್ಲಿಕ್ಕೆ ನಂಬಿಕೆ ಎಂತಕ್ಕೆ ಬೇಕು? ನಾನು ಇಲ್ಲಿ ಬಡಿಸಿದ್ರೆ ಆಗುದಿಲ್ಲ. ಅವನ ಸಂಸಾರ ಇರುದು ಅಲ್ಲಿ."

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಹೇಳಬೇಕು. ಸತ್ತವರಿಗೆ ಬಡಿಸುವುದು ನಮ್ಮಲ್ಲಿ ಒಂದು ಕ್ರಮ. ಒಳಕೋಣೆಯಲ್ಲಿ ದೀಪ ಹಚ್ಚಿ, ಬಾಳೆಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಸದ್ದಿಲ್ಲದೆ ಕೂರುತ್ತಾರೆ. ಅವರು ಬಂದು ಉಣ್ಣುತ್ತಾರೆ ಎಂದು ನಂಬಿಕೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿಯೇ ತೆಗೆಯಬೇಕು. ಉಣ್ಣುವವರ ಮೇಲೆ ಏಕಾಏಕಿ ನುಗ್ಗಬಾರದಲ್ಲ. ಬದುಕಿರುವವರಿಗೆ ಮಾತ್ರ ಯಾರೂ ಹೀಗೆ ಬಡಿಸುವುದಿಲ್ಲ.

ನನಗೆ ವಾದಿಸುವ ಶಕ್ತಿ ಇರಲಿಲ್ಲ. ಆ ಮುದುಕಿಗೆ ಸಮಾಧಾನ ಆಗುವುದಾದರೆ ಆಗಲಿ ಎಂದು ಒಪ್ಪಿದೆ. ಜೈನಬಕ್ಕನಿಗೂ ಹೇಳಿದೆ. "ನಮ್ಮಲ್ಲಿ ಇದೆಲ್ಲ ಇಲ್ಲ. ನನ್ನನ್ನು ಇದಕ್ಕೆ ಸೇರಿಸ್ಬೇಡ. ಆದ್ರೆ ನೀನು ಒಬ್ಳೇ ಕೂತುಕೊಳ್ಳುದು ಬೇಡ, ನಾನು ಬರ್ತೇನೆ," ಎಂದರು. ಬಾಳೆಎಲೆಯನ್ನು ಬತ್ಹಾದ ಮಲಯಾಳಿ ಅಂಗಡಿಯಿಂದ ಅವರ ಗಂಡನೇ ತಂದುಕೊಟ್ಟರು.

ರಾತ್ರಿ ಬಡಿಸುವುದು ಪದ್ಧತಿ. ಆದರೆ ಜೈನಬಕ್ಕನ ಮನೆಗೆ ಸಂಜೆ ನೆಂಟರು ಬರುವವರಿದ್ದರು. ಹಾಗಾಗಿ ಶುಕ್ರವಾರ, ಜುಮಾ ನಮಾಜು ಮುಗಿದು ಬೀದಿಯಲ್ಲಿ ಕಾರುಗಳ ಸದ್ದು ಅಡಗಿದ ಮೇಲೆ, ಮಟಮಟ ಮಧ್ಯಾಹ್ನ ಬಡಿಸಿದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ, ಒಂದು ಉಪ್ಪಿನಕಾಯಿ. ಮಲಗುವ ಕೋಣೆಯಲ್ಲಿ ಮಂಚದ ಪಕ್ಕ ಎಲೆ ಹಾಕಿದೆ. ಕಿಟಕಿ ಮುಚ್ಚಿತ್ತು, ಪರದೆ ಎಳೆದಿತ್ತು. ಏಸಿ ಆರಿಸಿದೆ, ದೀಪ ನಂದಬಾರದೆಂದು. ಬಾಗಿಲು ಎಳೆದುಕೊಂಡು ಹಾಲಿನಲ್ಲಿ ಕೂತೆವು. ಜೈನಬಕ್ಕ ಕೈಯಲ್ಲಿ ಜಪಮಣಿ ಹಿಡಿದುಕೊಂಡು ನನ್ನ ಪಕ್ಕ ಇದ್ದರು.

ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಸೋಮವಾರದ ಟೆಸ್ಟಿಗೆ ಪ್ರಶ್ನೆ ತೆಗೆದಿಲ್ಲ ಎಂದು ಯೋಚಿಸಿದ್ದು ನೆನಪಿದೆ, ಅಷ್ಟೆ. ಆಮೇಲೆ ಎದ್ದು ಬಾಗಿಲು ತಟ್ಟಿದೆ.

"ಸ್ವಲ್ಪ ತಡಿ ಮಾರಾಯ್ತಿ, ಉಣ್ತಾ ಇದ್ದೇನೆ."

ಒಳಗಿನಿಂದ. ಇವರದೇ ದನಿ. ದೂರದಿಂದ ಬಂದ ಹಾಗಲ್ಲ, ನಡುಗುವ ದನಿಯೂ ಅಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡು ಆಡುವ ಮಾತು. ಮದುವೆಯಾದಂದಿನಿಂದ ನಾನು ಗೊಣಗುತ್ತಾ ಬಂದದ್ದು ಅದಕ್ಕೇ, ತುತ್ತು ನುಂಗಿ ಮಾತಾಡಿ ಎಂದು.

ನಾನು ಹೆದರಲಿಲ್ಲ. ಹೆದರಬೇಕಿತ್ತು ಎಂದು ಈಗ ಅನಿಸುತ್ತದೆ. ದಿನವೂ ಆಫೀಸಿನಿಂದ ಬಂದವರನ್ನು ಕೇಳುವ ಹಾಗೆ ಕೇಳಿದೆ: "ಯಾವ ಕಡೆಯಿಂದ ಬಂದ್ರಿ?"

"ಗುಡ್ಡದ ದಾರಿಯಲ್ಲಿ. ಬಸ್ಸಿಗೆ ಕಾಯ್ಲಿಲ್ಲ."

ಮತ್ತೆ ಮಾತಿಲ್ಲ. ಬಾಗಿಲು ತೆರೆದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ದೀಪ ಉರಿಯುತ್ತಿತ್ತು. ಎಲೆಯ ಮೇಲೆ ಒಂದು ಅಗುಳೂ ಅಲುಗಿರಲಿಲ್ಲ, ಮೀನು ಇಟ್ಟಲ್ಲೇ ಇತ್ತು. ಹಿಂದೆ ತಿರುಗಿ ನೋಡಿದರೆ ಜೈನಬಕ್ಕ ಗೋಡೆ ಹಿಡಿದುಕೊಂಡು ನಿಂತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಯಾ ಅಲ್ಲಾ, ಬಸ್ಸಿಗೆ ಕಾಯ್ಲಿಲ್ಲ ಅಂದ್ರಲ್ಲ! ನಿನ್ನ ಗಂಡ ಅಲ್ವಾ ಅದು?" ಎಂದರು. ಇದೊಂದು ಮಾತು ಇಲ್ಲದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ತಲೆ ಕೆಟ್ಟವಳ ಕಿವಿ ಏನನ್ನಾದರೂ ಕೇಳಿಸಿಕೊಳ್ಳುತ್ತದೆ ಎಂದು ಬಿಟ್ಟುಬಿಡುತ್ತಿದ್ದೆ.

ಅಷ್ಟು ದಿನ ನಾನು ಹಂಬಲಿಸಿದ್ದು ಆ ದನಿಗೆ. ಆದರೆ ಅದು ಸತ್ತವರಿಗೆ ಬಡಿಸಿದ ಎಲೆಯ ಮುಂದಿನಿಂದ ಬಂದಿತ್ತು. ಅಂದ ಮೇಲೆ ಅವರು ಹೋಗಿಯಾಯಿತು ಎಂದೇ ಅರ್ಥ ಮಾಡಿಕೊಂಡೆ. ಆಗಲೂ ಅಳು ಬರಲಿಲ್ಲ. ಯೋಸೆಫನಿಗೆ ಫೋನು ಹಚ್ಚಿ, ಹೊಳೆಯಲ್ಲಿ ಹುಡುಕಬೇಡಿ, ಗುಡ್ಡದ ಮೇಲೆ ನೋಡಿ, ಮುಚ್ಚಿದ ಆ ದಾರಿಯಲ್ಲೇ ಅವರು ಬಂದಿದ್ದಾರೆ ಎಂದೆ. ನಿನಗೆ ಯಾರು ಹೇಳಿದರು ಎಂದು ಅವನು ಕೇಳಿದ. ಅವರೇ ಹೇಳಿದರು ಎಂದೆ. ಅವನಿಗೆ ಏನು ಅರ್ಥವಾಯಿತೋ, ಪೊಲೀಸರಿಗೆ ಹೇಳುತ್ತೇನೆ ಎಂದು ಫೋನು ಇಟ್ಟ.

ಶನಿವಾರ ಬೆಳಿಗ್ಗೆ ಸಿಕ್ಕಿದರು. ಜೀವ ಇರಲಿಲ್ಲ. ಯೋಸೆಫ್ ಪೊಲೀಸರನ್ನು, ನಾಯಿಯನ್ನು ಕರೆದುಕೊಂಡು ಹತ್ತಿದನಂತೆ. ಬಸ್ಸು ತಪ್ಪಿಯೋ, ಕಾಯಲು ಬೇಸರವಾಗಿಯೋ ಇವರು ಗುಡ್ಡ ದಾಟಲು ಹೊರಟಿದ್ದಾರೆ. ಟೊಪ್ಪಿಯನ್ನು ಗಾಳಿ ಹಾರಿಸಿರಬೇಕು. ಕುಸಿದ ಗೋಡೆಯ ಹತ್ತಿರ ಸ್ಲೇಟು ಕಲ್ಲು ಕಾಲಡಿಯಲ್ಲಿ ಜಾರಿ, ಯಾರೂ ಕೃಷಿ ಮಾಡದ ಒಂದು ತೋಟದ ಮುಳ್ಳಿನೊಳಗೆ ಬಿದ್ದಿದ್ದರು. ಒಂದು ಕಾಲು ಮುರಿದಿತ್ತು. ಫೋನು ಕಲ್ಲಿನ ಮೇಲೆ ಒಡೆದು ಬಿದ್ದಿತ್ತು. ಕೊಯ್ಲು ಮುಗಿದಿದ್ದರಿಂದ ಆ ಕಡೆ ಜನಸಂಚಾರ ಇರಲಿಲ್ಲ. ಕೆಳಗೆ ಹೊಳೆಯಲ್ಲಿ ಇವರನ್ನು ಹುಡುಕುವ ದೋಣಿ ಅಲ್ಲಿಂದ ಕಾಣುತ್ತದೆ ಎಂದು ಯೋಸೆಫ್ ಅಂದ. ಅದನ್ನು ನನಗೆ ಹೇಳಬಾರದಿತ್ತು ಎಂದು ಅವನಿಗೆ ಆಮೇಲೆ ಹೊಳೆಯಿತು, ಕ್ಷಮೆ ಕೇಳಿದ.

ನನ್ನ ಓದಿದ ಬುದ್ಧಿ ಒಂದು ಉತ್ತರ ಕೊಡುತ್ತದೆ. ಆ ಕಾಲುದಾರಿಯ ಸಂಗತಿ ನನಗೆ ಮೊದಲೇ ಗೊತ್ತಿತ್ತು. ಅವರ ಸ್ವಭಾವವೂ ಗೊತ್ತಿತ್ತು, ರಿಯಾದಿನ ಉರಿಯಲ್ಲೂ ಟ್ಯಾಕ್ಸಿಗೆ ಕಾಯದೆ ನಡೆದು ಬರುವ ಜನ. ಮನಸ್ಸು ಒಳಗೊಳಗೇ ಲೆಕ್ಕ ಹಾಕಿ ಅವರ ದನಿಯಲ್ಲಿ ನನಗೆ ಹೇಳಿರಬಹುದು. ಸರಿ. ಹಾಗಾದರೆ ಜೈನಬಕ್ಕ? ಅವರಿಗೆ ಮೋಸೆಲ್ ಎಂದರೆ ಊರೋ ಹೊಳೆಯೋ ಗೊತ್ತಿರಲಿಲ್ಲ. ಆಮೇಲೆ ನಾನು ಎಷ್ಟು ಸಲ ಕೇಳಿದರೂ, "ಆ ವಿಷಯ ಬಿಡು ಮಗಾ," ಎನ್ನುತ್ತಿದ್ದರು. ಕೇಳಿಸಲಿಲ್ಲ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ದೇಹವನ್ನು ಪರೀಕ್ಷೆ ಮಾಡಿದ ಡಾಕ್ಟರು ಫೋನಿನಲ್ಲಿ ಒಂದು ಮಾತು ಹೇಳಿದರು. ಬಿದ್ದ ದಿನವೇ ಪ್ರಾಣ ಹೋಗಿಲ್ಲ. ಮಳೆ ಬರುತ್ತಿತ್ತು, ಕಲ್ಲಿನ ಸಂದಿಯ ನೀರು ಕುಡಿದಿರಬೇಕು, ಕೆಲವು ದಿನ ಜೀವ ಇತ್ತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಜೋಯಿಸರು ಹೇಳಿದ್ದು ಅದನ್ನೇ ಅಲ್ಲವೇ, ಹಸಿದಿದ್ದಾನೆ ಎಂದು? ಹಸಿದಿದ್ದಾನೆ ಎಂದ ಕೂಡಲೇ ಅತ್ತೆಯೂ ನಾನೂ ಎಲೆ ಹಾಕಲು ಹೊರಟೆವು. ಹಸಿವು ಬದುಕಿದವರಿಗೂ ಇರುತ್ತದೆ ಎಂದು ನಮಗೆ ಹೊಳೆಯಲಿಲ್ಲ. ಅತ್ತೆಗೆ ನಾನು ಡಾಕ್ಟರ ಮಾತನ್ನು ಹೇಳಿಲ್ಲ. ಬಿದ್ದ ತಕ್ಷಣ ಹೋದರು, ನೋವು ಗೊತ್ತಾಗಿಲ್ಲ ಎಂದಿದ್ದೇನೆ.

ಕೆಲವು ದಿನ ಎಂದರೆ ಎಷ್ಟು ದಿನ ಎಂದು ಡಾಕ್ಟರನ್ನು ಕೇಳಿದೆ. ಚಳಿಯಲ್ಲಿ ಬಿದ್ದ ದೇಹ, ಅದನ್ನು ಖಚಿತವಾಗಿ ಹೇಳಲಾಗದು ಎಂದರು. ಶುಕ್ರವಾರ ಮಧ್ಯಾಹ್ನ ಉಸಿರಿತ್ತಾ, ಅಷ್ಟು ಹೇಳಿ ಸಾಕು ಎಂದೆ. ಇದ್ದಿರಲೂಬಹುದು, ಇಲ್ಲದಿರಲೂಬಹುದು ಎಂದರು. ಬಾಗಿಲ ಒಳಗಿನಿಂದ ನನ್ನೊಡನೆ ಮಾತಾಡಿದಾಗ ನನ್ನ ಗಂಡ ಬದುಕಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.