ಬೆನಕಪ್ಪನವರ ಫಿಯಟ್ಟಿಗೆ ಬಳಿದ ಕೆಂಪು ಬಣ್ಣ

ಚನ್ನಗಿರಿಯಲ್ಲಿ ಮೆಕ್ಯಾನಿಕ್ ರಂಗಣ್ಣನ ಹತ್ತಿರ ಗಾಡಿ ಬಿಡುವವರು ಮೊದಲು ಬೈಸಿಕೊಳ್ಳಲು ತಯಾರಾಗಿ ಹೋಗಬೇಕು. ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದವನಿಗೆ ಒಂದು ಥರದ ಬೈಗುಳ, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವನಿಗೆ ಇನ್ನೊಂದು ಥರದ್ದು. ಆದರೂ ಜನ ಬರುತ್ತಾರೆ. ಬಾನೆಟ್ ಎತ್ತುವ ಮೊದಲೇ, ಬರೀ ಸದ್ದು ಕೇಳಿ, ಎಲ್ಲಿ ಏನು ಕೆಟ್ಟಿದೆಯೆಂದು ಹೇಳುವವನು ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಅವನೊಬ್ಬನೇ. ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಇಪ್ಪತ್ತನೇ ವಯಸ್ಸಿಗೆ ಇಲ್ಲಿಗೆ ಬಂದವನು, ಈಗ ಅರವತ್ತೇಳು. ಕಣ್ಣಿಗೆ ಪೊರೆ ಬಂದಿದೆ, ಬಲಗೈ ಸ್ವಲ್ಪ ನಡುಗುತ್ತದೆ. ಕಿವಿ ಮಾತ್ರ ಹರೆಯದಲ್ಲಿದ್ದ ಹಾಗೇ ಇದೆ. ಬಾಯಿಯೂ ಅಷ್ಟೆ.

ಊರಿನ ಅಷ್ಟೂ ಗಾಡಿಗಳನ್ನು ಬೈದವನು ಬೈಯದೆ ಬಿಟ್ಟದ್ದು ಒಂದನ್ನೇ. ಅದು ಅಡಿಕೆ ವ್ಯಾಪಾರಿ ಬೆನಕಪ್ಪನವರ ಬಿಳಿ ಫಿಯಟ್. ತೊಂಬತ್ತೊಂದನೇ ಇಸವಿಯಲ್ಲಿ ಬೆನಕಪ್ಪ ಅದನ್ನು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿ, "ರಂಗಣ್ಣ, ಇದು ಘಾಟಿನಾಗೆ ಎಲ್ಲರಿಗಿಂತ ಮುಂದೆ ಓಡಬೇಕು. ಹಂಗೆ ಮಾಡಾಕೆ ಆಗ್ತೈತಾ?" ಎಂದು ಕೇಳಿದ್ದರು. ಅಡಿಕೆ ಮಂಡಿಯ ಗಾದಿಯ ಮೇಲೆ ಕೂತು ದಪ್ಪಗಾಗಬೇಕಾದ ಮನುಷ್ಯನಿಗೆ ರ‍್ಯಾಲಿಯ ಹುಚ್ಚು ಹಿಡಿದಿತ್ತು. ರಂಗಣ್ಣನಿಗೂ ಆಗ ತಲೆ ನೆಟ್ಟಗಿರಲಿಲ್ಲ, ಆಗ್ತೈತೆ ಎಂದುಬಿಟ್ಟ.

ನಾಲ್ಕು ತಿಂಗಳು ಹಿಡಿಯಿತು. ಎಂಜಿನ್ನಿನ ಹೆಡ್ ಬಿಚ್ಚಿ ದಾವಣಗೆರೆಯ ಲೇತಿಗೆ ಒಯ್ದು ಕೂದಲೆಳೆಯಷ್ಟು ಕೆತ್ತಿಸಿದ. ಗಾಳಿ ಒಳಹೋಗುವ ದಾರಿಯನ್ನೆಲ್ಲ ಬೆರಳಿಗೆ ಎಮರಿ ಕಾಗದ ಸುತ್ತಿಕೊಂಡು ಕನ್ನಡಿಯಾಗುವ ತನಕ ಉಜ್ಜಿದ. ಒಂದು ಕಾರ್ಬ್ಯುರೇಟರ್ ಇರುವ ಕಡೆ ಎರಡು ಕೂಡಿಸಿದ. ಎರಡೂ ಒಂದೇ ಸಮ ಉಸಿರಾಡಬೇಕು, ಇಲ್ಲದಿದ್ದರೆ ಎಂಜಿನ್ ಗೊರಗೊರ ಎನ್ನುತ್ತದೆ. ರಬ್ಬರ್ ನಳಿಕೆಯನ್ನು ಕಿವಿಗಿಟ್ಟುಕೊಂಡು ಒಂದರ ಉಸಿರು ಕೇಳಿ, ಇನ್ನೊಂದರದ್ದು ಕೇಳಿ, ಕಾಲು ಸುತ್ತು, ಅರೆಕಾಲು ಸುತ್ತು ಸ್ಕ್ರೂ ತಿರುಗಿಸುತ್ತ ಹನ್ನೊಂದು ದಿನ ಕೂತಿದ್ದ. ಆ ವರ್ಷ ಕಾಫಿ ಸೀಮೆಯಲ್ಲಿ ನಡೆದ ರ‍್ಯಾಲಿಯಲ್ಲಿ ಬೆನಕಪ್ಪ ತಮ್ಮ ವರ್ಗದಲ್ಲಿ ಎರಡನೆಯವರಾಗಿ ಬಂದರು. ಬಾಗಿಲ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಮೂವತ್ತೇಳು ಎಂಬ ನಂಬರು, ಅದರ ಕೆಳಗೆ ‘ಬೆನಕಪ್ಪ, ಚನ್ನಗಿರಿ’, ಅದಕ್ಕೂ ಕೆಳಗೆ ಮೈಲಿಗಲ್ಲಿಗೆ ಉಜ್ಜಿ ಬಿದ್ದ ತಗ್ಗು. ಇದಿಷ್ಟೂ ಕಾರಿನ ಮೇಲೆ ಹಾಗೇ ಉಳಿಯಿತು.

ಆಮೇಲೆ ಬೆನಕಪ್ಪನವರಿಗೆ ಮೊಣಕಾಲು ನೋವು ಬಂತು. ಕಾರು ಅಡಿಕೆ ಗೋದಾಮಿನ ಮೂಲೆ ಸೇರಿ ಇಪ್ಪತ್ತೆರಡು ವರ್ಷವಾಯಿತು, ಅವರು ತೀರಿಕೊಂಡು ಮೂರು. ಪ್ರತಿ ಅಮಾವಾಸ್ಯೆಗೆ ರಂಗಣ್ಣ ಹೋಗಿ ಅದನ್ನು ಸ್ಟಾರ್ಟ್ ಮಾಡಿ, ಹತ್ತು ನಿಮಿಷ ನಿಂತಲ್ಲೇ ಓಡಿಸಿ, ಆರಿಸಿ ಬರುತ್ತಿದ್ದ. ಆ ಎಂಜಿನ್ನಿಗೆ ಜೀವ ಬರುವುದು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ. ಅದಕ್ಕೆ ರಸ್ತೆ ಬೇಕು, ಗೊತ್ತಿರುವ ಕೈ ಬೇಕು. ತಾನೇ ಓಡಿಸೋಣವೆಂದರೆ ಕಣ್ಣಿಲ್ಲ, ಕಾರಿನ ಕಾಗದಪತ್ರವೂ ಮುಗಿದುಹೋಗಿತ್ತು. ಕಿವಿ ನೆಟ್ಟಗಿರುವಾಗಲೇ ಒಂದು ಸಲ ಅದು ಬಾಯಿ ಬಿಟ್ಟು ಓಡುವುದನ್ನು ಕೇಳಬೇಕು ಎನ್ನುವುದೊಂದೇ ಅವನ ಆಸೆ. ಅದನ್ನು ಹೆಂಡತಿ ವನಜಾಕ್ಷಿಗೆ ಎಷ್ಟು ಸಲ ಹೇಳಿದ್ದನೆಂದರೆ, ಅಮಾವಾಸ್ಯೆ ಬಂದರೆ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಈ ಕಾರ್ತೀಕದಲ್ಲಿ ಬೆನಕಪ್ಪನವರ ಮಗ ಸತೀಶ್ ಕುಮಾರ್ ಕಾರಿನ ಫೋಟೋವನ್ನು ಫೋನಿನಲ್ಲಿ ಯಾರಿಗೋ ಕಳಿಸಿದ. ಅದು ಎಲ್ಲೆಲ್ಲೋ ಸುತ್ತಿ ಪ್ರಮೀಳಾ ಎಂಬ ಹೆಂಗಸನ್ನು ಮುಟ್ಟಿತು. ದಾವಣಗೆರೆಯಲ್ಲಿ ಹುಟ್ಟಿ ಕೊಯಮತ್ತೂರಿಗೆ ಸೊಸೆಯಾಗಿ ಹೋದವಳು. ಹಳೆಯ ರೇಸು ಕಾರುಗಳನ್ನು ಕೊಳ್ಳುವುದು ಅವಳ ಹವ್ಯಾಸ. ಫೋನಿನಲ್ಲಿ ಒಂದು ಬೆಲೆ ಹೇಳಿದಳು, ಸತೀಶ ಕುರ್ಚಿಯಿಂದ ಎದ್ದು ನಿಂತ. ಕೊನೆಗೆ ಒಂದೇ ಮಾತು ಹೇಳಿದಳಂತೆ: "ಕಾರು ಹೆಂಗೈತೋ ಹಂಗೇ ಇರಲಿ. ಧೂಳು ಕೂಡ ಒರೆಸಬ್ಯಾಡ್ರಿ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬರ್ತೀನಿ."

ಕೇಳಿ ರಂಗಣ್ಣನ ಎದೆ ಹಗುರಾಯಿತು. ಧೂಳು ಒರೆಸಬೇಡಿ ಎನ್ನುವಷ್ಟು ತಿಳಿದವಳು ಅದನ್ನು ಓಡಿಸದೆ ಬಿಡುತ್ತಾಳೆಯೇ? ಅದೇ ನೆಮ್ಮದಿಯಲ್ಲಿ, ಅಕ್ಕ ಉಚ್ಚಂಗೆಮ್ಮನ ಮೊಮ್ಮಗಳ ಹೆಸರಿಡುವುದಕ್ಕೆಂದು ಐದು ದಿನ ಸೊಕ್ಕೆಗೆ ಹೋದ. ಹೋಗಬಾರದಿತ್ತು.

ಬುಧವಾರ ಮರಳಿ ಬಂದು ಗೋದಾಮಿನ ಬಾಗಿಲು ತೆರೆದರೆ ಒಳಗೆ ಕೆಂಪು ಕಾರೊಂದು ನಿಂತಿತ್ತು. ಕುಂಕುಮಕ್ಕಿಂತ ಕೆಂಪು. ಯಾರದೋ ಗಾಡಿಯೆಂದು ರಂಗಣ್ಣ ಅದರ ಹಿಂದೆ ಬಿಳಿಯದನ್ನು ಹುಡುಕಿದ. ಪೊರೆ ಬಂದ ಕಣ್ಣಿಗೆ ನಿಜ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಂಬರಿಲ್ಲ, ಹೆಸರಿಲ್ಲ, ತಗ್ಗಿಗೆ ಪುಟ್ಟಿ ಮೆತ್ತಿ ನುಣ್ಣಗೆ ಮಾಡಲಾಗಿದೆ. ಸೀಟಿಗೆ ಹೊಸ ರೆಕ್ಸಿನ್. ಸತೀಶ ಪಕ್ಕದಲ್ಲಿ ಮದುವಣಿಗನ ಅಪ್ಪನ ಹಾಗೆ ನಿಂತಿದ್ದ.

"ಹೆಂಗೈತೆ ರಂಗಣ್ಣ?" ಎಂದ.

"ಮುಟ್ಟಬ್ಯಾಡ ಅಂದಿದ್ಲಲ್ಲೋ ಮಾರಾಯ."

"ತಗಳ್ಳೋರು ಯಾವತ್ತೂ ಹಂಗೇ ಅನ್ನೋದು," ಎಂದು ಸತೀಶ ನಕ್ಕ. "ಮಂಡಿಗೆ ಬರೋ ಖರೀದಿದಾರರು ಏನಂತಾರೆ? ಹಂಗೇ ಕೊಡ್ರಿ, ಹಂಗೇ ಚೆನ್ನಾಗೈತೆ ಅಂತಾರೆ. ತೂಕಕ್ಕೆ ಹಾಕಿದ ಮೇಲೆ ಬಣ್ಣ ಇಲ್ಲ ಅಂತ ರೇಟ್ ಇಳಿಸ್ತಾರೆ. ಅವರ ಆಟ ನನಗೆ ಗೊತ್ತಿಲ್ವಾ?"

ಅಡಿಕೆಯನ್ನು ಬೇಯಿಸಿ, ಚೊಗರಿನಲ್ಲಿ ಅದ್ದಿ, ಕೆಂಪಗೆ ಬಣ್ಣ ಕಟ್ಟಿದ ಮೇಲೇ ಮಂಡಿಗೆ ಒಯ್ಯಬೇಕು ಎನ್ನುವುದನ್ನು ತಾಯಿಯ ಹಾಲಿನೊಂದಿಗೆ ಕುಡಿದವನು ಸತೀಶ. ಬಣ್ಣವಿದ್ದರೆ ಬೆಲೆ, ಇಲ್ಲದಿದ್ದರೆ ಇಲ್ಲ. ಬಣ್ಣ ಹೋಗಿದ್ದರೇ ಬೆಲೆ ಬರುವ ವಸ್ತುವೂ ಲೋಕದಲ್ಲಿ ಉಂಟೆಂದರೆ ಅವನ ತಲೆಗೆ ಹೋಗುವುದಾದರೂ ಹೇಗೆ? ರಂಗಣ್ಣ ಹಣೆ ಚಚ್ಚಿಕೊಂಡು ಬಾನೆಟ್ ಎತ್ತಿದ. ಎತ್ತಿದವನು ಅಲ್ಲೇ ಮಡ್‌ಗಾರ್ಡಿನ ಮೇಲೆ ಕೈಯೂರಿದ. ಜೋಡಿ ಕಾರ್ಬ್ಯುರೇಟರ್ ಇರಲಿಲ್ಲ. ಆ ಜಾಗದಲ್ಲಿ ಹೊಳೆಹೊಳೆಯುವ ಹೊಸದೊಂದು ಕೂತಿತ್ತು.

"ಎರಡಿದ್ರೆ ಮೈಲೇಜ್ ಬರಲ್ಲ ಅಂತ ಬಣ್ಣದವನ ಜೊತೆ ಬಂದ ಮೆಕ್ಯಾನಿಕ್ ಹೇಳಿದ. ಹೊಸದು ಹಾಕಿಸ್ದೆ. ಹಳೇವನ್ನ ಹೊನ್ನಾಳಿ ಗುಜರಿಗೆ ಹಾಕಿದ್ವಿ," ಎಂದ ಸತೀಶ. ಜೊತೆಗೆ, ಕಾರಿನ ಕಾಗದಪತ್ರವನ್ನೂ ಹೊಸದು ಮಾಡಿಸಿದ್ದೇನೆಂದು ಸೇರಿಸಿದ. ಆ ಮನುಷ್ಯ ಮಾಡಿದ ಕೆಲಸಗಳಲ್ಲಿ ತಲೆಯಿದ್ದದ್ದು ಅದೊಂದಕ್ಕೇ.

ರಂಗಣ್ಣ ಅವತ್ತು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಗೋದಾಮಿನಲ್ಲಿ ಅಡಿಕೆ ಆರಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಕೇಳಿದರು. ಸತೀಶನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ, ಅದೇ ರಂಗಣ್ಣನಿಗೆ ಇನ್ನಷ್ಟು ಉರಿ ಹತ್ತಿಸಿತು.

ಮರುದಿನ ಬೆಳಗಿನ ಬಸ್ಸಿಗೆ ಹೊನ್ನಾಳಿಗೆ ಹೋದ. ಗುಜರಿ ಅಂಗಡಿಯ ಮೂಕಪ್ಪ ಹೆಸರಿಗೆ ತಕ್ಕವನಲ್ಲ, ಅರ್ಧ ಗಂಟೆ ಮಾತಾಡಿ ಕೊನೆಗೆ, ಅವೆರಡನ್ನೂ ನ್ಯಾಮತಿಯ ಗುರುಬಸವರಾಜ ಒಯ್ದನೆಂದು ಹೇಳಿದ. ಅದನ್ನು ಮೊದಲ ಮಾತಿನಲ್ಲೇ ಹೇಳಬಹುದಿತ್ತು. ರಂಗಣ್ಣ ನ್ಯಾಮತಿಗೆ ಹೋದ. ಗುರುಬಸವರಾಜನ ಬಳಿ ಮದುವೆಯ ಮೆರವಣಿಗೆಗೆ ಬಾಡಿಗೆಗೆ ಬಿಡುವ ಹಳೆಯ ಫಿಯಟ್ ಒಂದಿತ್ತು. ಅದಕ್ಕೆ ಮುಂದೊಂದು ದಿನ ಬೇಕಾದೀತೆಂದು ಕಾರ್ಬ್ಯುರೇಟರುಗಳನ್ನು ಜೋಳದ ಚೀಲದ ಮೇಲೆ ಇಟ್ಟುಕೊಂಡಿದ್ದ.

"ದುಡ್ಡು ಬ್ಯಾಡ್ರಿ ರಂಗಣ್ಣ," ಎಂದ ಅವನು. "ನನ್ನ ಗಾಡಿ ತೀರ್ಥರಾಮೇಶ್ವರದ ಏರು ಹತ್ತಾಕೆ ಒಲ್ಲೆ ಅಂತೈತೆ. ಮದುಮಕ್ಕಳೇ ಇಳಿದು ತಳ್ಳಬೇಕು. ಅದನ್ನ ಹತ್ತೋ ಹಂಗೆ ಮಾಡಿಕೊಡ್ರಿ, ಎರಡನ್ನೂ ಒಯ್ರಿ."

ಎರಡು ದಿನ ಹೋಯಿತು. ಅದು ಎಂಜಿನ್ನೋ ಕಸದ ಬುಟ್ಟಿಯೋ ಹೇಳಲಾಗದ ಸ್ಥಿತಿಯಲ್ಲಿತ್ತು. ಒಳಗೆ ಅಕ್ಷತೆ ಕಾಳು ಕೂಡ ಸಿಕ್ಕಿತು. ಗಾಡಿ ಏರು ಹತ್ತಿತು, ರಂಗಣ್ಣ ಕಾರ್ಬ್ಯುರೇಟರುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದ.

ಶನಿವಾರವಿಡೀ ಅವನ್ನು ಕೂಡಿಸಿ, ಕಿವಿಗೆ ನಳಿಕೆಯಿಟ್ಟುಕೊಂಡು ಉಸಿರು ಸಮ ಮಾಡಿದ. ಕೈ ನಡುಗಿದಾಗಲೆಲ್ಲ ಸತೀಶನನ್ನು ಬೈದ. ಸಂಜೆ ಬಾಗಿಲ ರಬ್ಬರನ್ನು ಸ್ವಲ್ಪ ಎತ್ತಿ ನೋಡಿದಾಗ ಒಂದು ಸಂಗತಿ ಕಂಡಿತು. ಕೆಂಪಿನ ಅಡಿಯಲ್ಲಿ ಹಳೆಯ ಬಿಳಿ ಹಾಗೇ ಇತ್ತು. ಬಣ್ಣದವನು ಕೆರೆದಿರಲಿಲ್ಲ, ಮೇಲಿಂದ ಮೇಲೇ ಹೊಡೆದುಬಿಟ್ಟಿದ್ದ. ಕೆಲಸಗಳ್ಳ ಎಂದು ಅವನನ್ನೂ ಒಂದು ಸುತ್ತು ಬೈದು, ರಬ್ಬರನ್ನು ಮತ್ತೆ ಕೂಡಿಸಿದ.

ಭಾನುವಾರ ಪ್ರಮೀಳಾ ಬಂದಳು. ಹಿಂದೆ ಕಾರು ಹೊರುವ ಉದ್ದನೆಯ ಲಾರಿಯೂ ಬಂತು. ಐವತ್ತರ ಹೆಂಗಸು, ಕಾಲಿಗೆ ಕ್ಯಾನ್ವಾಸ್ ಬೂಟು. ಗೋದಾಮಿನೊಳಗೆ ಬಂದವಳು ಕೆಂಪು ಕಾರನ್ನು ನೋಡಿ ಅಲ್ಲೇ ನಿಂತಳು. ಸತೀಶ ಒಂದು ಹೆಜ್ಜೆ ಮುಂದಿಟ್ಟ.

"ಹೊಸದರ ಹಂಗೇ ಮಾಡಿಸೀವಿ ಮೇಡಂ."

ಅವಳು ಬಾಗಿಲ ಮೇಲೆ ನಂಬರಿದ್ದ ಜಾಗವನ್ನು ಅಂಗೈಯಿಂದ ಸವರಿದಳು. ಆಮೇಲೆ, "ಸ್ಟಾರ್ಟ್ ಮಾಡ್ತೀರಾ?" ಎಂದು ರಂಗಣ್ಣನನ್ನು ಕೇಳಿದಳು. ಎಂಜಿನ್ ಹೊತ್ತಿತು. ಎರಡು ನಿಮಿಷ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ರಂಗಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಇವಳಿಗೆ ಎಂಜಿನ್ ಕೇಳಲು ಬರುತ್ತದೆ ಎಂದು ಅವನಿಗೆ ಖಾತ್ರಿಯಾಯಿತು.

"ಇಷ್ಟು ವರ್ಷ ಆದ್ಮೇಲೂ ಎರಡೂ ಒಂದೇ ಸಮ ಐದಾವಲ್ರೀ," ಎಂದಳು. "ನಮ್ಮ ದೇಶದಾಗೆ ಆ ಕಾಲದಲ್ಲಿ ಕೈಯಾರೆ ಕಟ್ಟಿದ ಇಂಥ ಗಾಡಿ ಎಷ್ಟು ಉಳಿದಾವೆ? ಬೆರಳೆಣಿಕೆ. ಇದು ಹಂಗೇ ಇದ್ದಿದ್ರೆ ನಮ್ಮ ಮನೆ ಹಿಂದಿನ ಹಾಲ್‌ನಲ್ಲಿ ಎಲ್ಲದಕ್ಕಿಂತ ಮುಂದೆ ನಿಲ್ಲಿಸ್ತಿದ್ದೆ."

"ಓಡಿಸ್ತಿದ್ದಿರಾ?" ರಂಗಣ್ಣ ಕೇಳಿದ.

"ಅಯ್ಯೋ, ಇಲ್ಲ. ಅಂಥದ್ದನ್ನ ಯಾರು ಓಡಿಸ್ತಾರೆ? ಪೆಟ್ರೋಲ್ ಬಸಿದು, ಎಸಿ ಹಾಕಿ, ಸುತ್ತ ಗಾಜು ಕಟ್ಟಿಸ್ತೀವಿ. ಸ್ಟಾರ್ಟ್ ಕೂಡ ಮಾಡಲ್ಲ."

ರಂಗಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಇಟ್ಟ. ಹೊನ್ನಾಳಿ, ನ್ಯಾಮತಿ, ಎರಡು ದಿನದ ಚಾಕರಿ, ಅಕ್ಷತೆ ಕಾಳು, ಎಲ್ಲವೂ ಒಮ್ಮೆಗೇ ನೆನಪಾದವು. ಇಷ್ಟೆಲ್ಲ ಮಾಡಿದ್ದು ಗಾಜಿನ ಕೋಣೆಯಲ್ಲಿ ಅದರ ಬಾಯಿ ಹೊಲಿಯಲಿಕ್ಕೋ? ಅವನಿಗೆ ದುಃಖವೇ ಆಯಿತು.

ಪ್ರಮೀಳಾ ಅವನ ಹತ್ತಿರ ಬಂದಳು. "ಒಂದು ಮಾತು ಹೇಳ್ರಿ. ಹಳೇ ಬಣ್ಣ ಕೆರೆಸಿ ಇದನ್ನ ಹೊಡೆಸಿದ್ರೋ, ಅದರ ಮೇಲೇ ಹೊಡೆಸಿದ್ರೋ? ಅಡಿಯಲ್ಲಿ ಹಳೇದು ಇದ್ರೆ, ಮೇಲಿಂದಷ್ಟೇ ತೆಗೆಯೋ ಕೆಲಸಗಾರರು ನನ್ನ ಹತ್ರ ಐದಾರೆ. ಆಗ ಫೋನಲ್ಲಿ ಹೇಳಿದ ಬೆಲೆ ಪೂರ್ತಿ ಕೊಡ್ತೀನಿ, ಲಾರಿಗೆ ಏರಿಸ್ತೀನಿ. ಕೆರೆಸಿದ್ರೆ ಇದು ಬರೀ ಒಂದು ಒಳ್ಳೆ ಕಾರು. ಮೂರನೇ ಒಂದು ಭಾಗ ಕೊಟ್ಟು ತಗೊಂಡು ರ‍್ಯಾಲಿಗೆ ನಾನೇ ಓಡಿಸ್ತೀನಿ. ಎಂಜಿನ್ ಕಟ್ಟಿದವರು ನೀವೇ ಅಂತ ಇವರು ಫೋನಲ್ಲೇ ಹೇಳಿದಾರೆ, ನಿಮ್ಮ ಮಾತು ನನಗೆ ಸಾಕು."

ಸುಳ್ಳು ಹೇಳಿ ಗೊತ್ತಿದ್ದ ಮನುಷ್ಯನಲ್ಲ ಅವನು. ಪಿಸ್ಟನ್ ಹೋಗಿಲ್ಲದಿದ್ದರೆ ಹೋಗಿದೆ ಎಂದವನಲ್ಲ. ಅಲ್ಲದೆ ಹೋಗುವುದು ಸತೀಶನ ದುಡ್ಡು, ಅವನದಲ್ಲ. ಕಾರನ್ನು ಒಮ್ಮೆ ನೋಡಿದ, ಸತೀಶನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಪೂರ್ತಿ ಕೆರೆಸ್ಯಾರೆ ತಾಯಿ," ಎಂದ. "ತಗಡು ಕಾಣೋ ತನಕ."

ಪ್ರಮೀಳಾ ಸತೀಶನ ಕಡೆ ತಿರುಗಿದಳು. "ಹೌದಾ?"

ಸತೀಶ ರಂಗಣ್ಣನನ್ನು ನೋಡಿದ. "ಹೌದ್ರಿ," ಎಂದ.

ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಪ್ರಮೀಳಾ ತಾನೇ ಸ್ಟೀರಿಂಗ್ ಹಿಡಿದಳು, ಲಾರಿ ಖಾಲಿಯಾಗಿ ಅವಳ ಹಿಂದೆ ಹೊರಟಿತು. ಕೆರೆಬಿಳಚಿ ರಸ್ತೆಗೆ ತಿರುಗಿದ ಮೇಲೆ ಅವಳು ಎರಡನೇ ಗೇರಿನಲ್ಲೇ ಹಿಡಿದು ಆಕ್ಸಿಲರೇಟರ್ ಒತ್ತಿದಳು. ಗೋದಾಮಿನ ಗೇಟಿನಲ್ಲಿ ನಿಂತಿದ್ದ ರಂಗಣ್ಣನಿಗೆ ನಾಲ್ಕು ಸಾವಿರ ದಾಟಿದ್ದು, ಐದಕ್ಕೆ ಹೋದದ್ದು, ಗೇರ್ ಬದಲಿಸಿ ಮತ್ತೆ ಏರಿದ್ದು ಎಲ್ಲ ಕೇಳಿಸಿತು. ಎಲ್ಲೂ ಗೊರಗೊರ ಇರಲಿಲ್ಲ. ಅಳು ಬಂತು, ಅತ್ತ.

ಸದ್ದು ಅಡಗಿದ ಮೇಲೆ ಮೂಗು ಒರೆಸಿಕೊಂಡು ಸತೀಶನ ಕಡೆ ತಿರುಗಿದ.

"ಬಣ್ಣದವನು ಕೆರೆದಿರಲಿಲ್ಲ. ನಿನಗೆ ಗೊತ್ತಿರಲಿಲ್ವೇನೋ?"

"ಗೊತ್ತಿತ್ತು. ಕೆರೆಯೋದು ಬ್ಯಾಡ, ಎರಡು ದಿನದ ಕೂಲಿ ಉಳೀಲಿ ಅಂತ ನಾನೇ ಹೇಳಿದ್ದೆ."

"ಮತ್ತೆ ಯಾಕೆ ಹೌದು ಅಂದೆ, ಹುಚ್ಚ? ಎಷ್ಟು ದುಡ್ಡು ಹೋಯ್ತು ಗೊತ್ತಾ?"

ಸತೀಶ ಖಾಲಿ ಮೂಲೆಯ ಕಡೆ ನೋಡಿದ. "ನಮ್ಮಪ್ಪ ಅದರಾಗೆ ಕೂತಿರ್ತಾನೆ ಅಂತ ನನಗೆ ಒಂದೊಂದು ಸಲ ಅನಿಸ್ತಿತ್ತು. ಗಾಜಿನ ಪೆಟ್ಟಿಗೆಯಾಗೆ ಇಡಾಕೆ ಹೆಂಗೆ ಕೊಡ್ಲಿ ರಂಗಣ್ಣ?"

ರಂಗಣ್ಣ ಅವನನ್ನು ಬೈಯಲು ಬಾಯಿ ತೆರೆದ. ನಾಲ್ಕು ದಿನದಿಂದ ಒಂದಾದ ಮೇಲೊಂದು ಬಂದ ಮಾತುಗಳಲ್ಲಿ ಒಂದೂ ಈಗ ಬರಲಿಲ್ಲ. ಅವನ ಹೆಗಲ ಮೇಲೆ ಗ್ರೀಸ್ ಮೆತ್ತಿದ ಕೈಯಿಟ್ಟು, "ಬಣ್ಣ ಮಾತ್ರ ದರಿದ್ರ ಬಣ್ಣ ಕಣೋ," ಎಂದ.