ಘಾಟು ಅಂದವಳು ನಾನೇ

ಆ ಸೋಮವಾರ ಡಾಕ್ಟರ್ ರಜೆಯಲ್ಲಿರಲಿಲ್ಲ, ರೇಣುಕಾ. ರಾಣೆಬೆನ್ನೂರಿನ ತಮ್ಮ ದವಾಖಾನೆಯಲ್ಲಿ ಕುಳಿತೇ ಇದ್ದರು. ನಿನ್ನ ಹೆಸರೂ ಪಟ್ಟಿಯಲ್ಲಿತ್ತು. ರೈಲಿನಲ್ಲಿ ನಾನು ಫೋನ್ ಕಿವಿಗೆ ಹಿಡಿದು ‘ಹೌದ್ರಿ, ಹೌದ್ರಿ’ ಎಂದೆನಲ್ಲ — ಆ ಕಡೆ ಯಾರೂ ಇರಲಿಲ್ಲ.

ಬರೆದೆ! ಮೂರು ವರ್ಷ ಬೇಕಾಯಿತು. ಈಗ ಕೈ ನಿಲ್ಲುತ್ತಿಲ್ಲ. ನಿನ್ನೆ ನಿನ್ನ ಮೆಸೇಜ್ ಬಂದಾಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ: ‘ವಿದ್ಯಾ, ಆ ಮನಸಿನ ಡಾಕ್ಟರ್ ಈಗರೆ ಸಿಗತಾರೇನ?’ ನೀನು ಮತ್ತೆ ಕೇಳಿದೆ — ಇನ್ನೂ ಕೇಳುವಷ್ಟು ಉಳಿದಿದ್ದೀಯ —

ಹಾಗಾದರೆ ಎಲ್ಲವನ್ನೂ ಹೇಳುತ್ತೇನೆ. ನಯವಾಗಿ ಜೋಡಿಸಿ ಹೇಳಲು ಹೋದಾಗಲೆಲ್ಲ ನಾನು ಒಳ್ಳೆಯವಳಾಗಿಬಿಡುತ್ತೇನೆ. ಅದಕ್ಕೇ ಈ ಅವಸರ.

ಹಾವೇರಿಯ ಬಾಡಿಗೆ ಕೋಣೆ. ಇಬ್ಬರೂ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದೆವು. ನಿನಗೆ ಎದೆ ಬಡಿದುಕೊಳ್ಳುತ್ತಿತ್ತು, ಓದಿದ್ದು ನಿಲ್ಲುತ್ತಿರಲಿಲ್ಲ, ತಟ್ಟೆಯ ಮುಂದೆ ಕುಳಿತು ಅಳುತ್ತಿದ್ದೆ ನೀನು. ನಾನು ಕದ್ದುಮುಚ್ಚಿ ಇಟ್ಟುಕೊಂಡಿದ್ದ ವೇಪ್, ಆ ಬ್ಯಾಟರಿ ಸಿಗರೇಟನ್ನು, ನಿನ್ನ ಕೈಗಿಟ್ಟೆ. ನೋಡಲು ಹೈಲೈಟರ್ ಪೆನ್ನು, ಮಾವಿನ ವಾಸನೆ.

‘ಬರೇ ಹಬಿ ಐತಿ, ಜಗ್ಗು. ಎದಿ ಹಗುರಾಗತೈತಿ.’

ನೀನು ಕೂಡಲೇ ಒಪ್ಪಿದೆ ಎನ್ನುತ್ತದೆ ನನ್ನ ನೆನಪು. ಸುಳ್ಳು. ಮೂರು ಸಲ — ಇಲ್ಲ, ಇನ್ನೂ ಹೆಚ್ಚು ಸಲ ಬೇಡ ಎಂದಿದ್ದೆ ನೀನು. ಕೊನೆಗೆ ಜಗ್ಗಿ ಕೆಮ್ಮಿದಾಗ ನನಗೆ ಆದದ್ದು ಕನಿಕರವಲ್ಲ, ಸಂಭ್ರಮ! ಅಷ್ಟು ದಿನ ಬಚ್ಚಲಲ್ಲಿ ಒಬ್ಬಳೇ ಸೇದುತ್ತಿದ್ದವಳಿಗೆ ಜೊತೆ ಸಿಕ್ಕಿತ್ತು.

ಎದೆ ಹಗುರಾಗಲಿಲ್ಲ. ಕೆಮ್ಮು ಬಂತು, ಸೇದದಿದ್ದರೆ ಕೈ ನಡುಗತೊಡಗಿತು, ಅಳು ಹಾಗೆಯೇ ಉಳಿಯಿತು. ಡಾಕ್ಟರನ್ನು ಹುಡುಕಿದ್ದು ನೀನೇ. ರೈಲು ಹಾವೇರಿ ಬಿಟ್ಟ ಮೇಲೆ ನೀನು ಹೇಳಿದೆ — ‘ಎಲ್ಲಾ ಹೇಳಿಬಿಡ್ತೇನಿ, ವಿದ್ಯಾ. ಇದನ್ನೂ.’

ಇದನ್ನೂ. ಅಂದರೆ ಕೊಟ್ಟವಳು ಯಾರೆಂಬುದನ್ನೂ. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮಗಳು ಸೇದುತ್ತಾಳೆ ಎಂಬುದು ಪೇಟೆಯಲ್ಲಿ ಹಬ್ಬಿದರೆ — ನಾನು ಫೋನ್ ಕಿವಿಗೆ ಹಿಡಿದೆ. ‘ಇವತ್ತ ಡಾಕ್ಟರ್ ಇಲ್ಲಂತ. ನಡಿ, ನಮ್ಮೂರಾಗ ಇಳಿಯೂಣು.’

ಬ್ಯಾಡಗಿಯಲ್ಲಿ ಅಂದು ಮಾರುಕಟ್ಟೆಯ ದಿನ. ಕಣ್ಣು ಹಾಯುವಷ್ಟು ದೂರ ಕೆಂಪು ರಾಶಿ, ಹಮಾಲರ ಕೂಗು, ಎಲ್ಲರ ಮೂಗಿಗೂ ಟವೆಲ್. ನಮ್ಮ ಅಂಗಡಿಯ ಮುಂದೆ ನೀನು ಎದೆ ಹಿಡಿದು ಕುಸಿದೆ. ಬೆವರು, ನಡುಕ, ಉಸಿರು ಒಳಗೆ ಹೋಗುತ್ತಿಲ್ಲ. ‘ನಾ ಸಾಯಾಕತ್ತೇನಿ’ ಎಂದೆ.

ಹಮಾಲರು ಪ್ರೀತಿಯಿಂದಲೇ ನಕ್ಕರು. ‘ಗುತ್ತಲದಾಗ ಹೊಳಿ ಗಾಳಿ ಕುಡದಾಕಿ, ನಮ್ಮ ಗಾಳಿ ಎಲ್ಲಿ ತಡಕೋತಾಳ!’

‘ಘಾಟು ಹತ್ತೇತಿ, ಬೆಲ್ಲ ತರ್ರಿ ಲಗೂ,’ ಎಂದ ನನ್ನಪ್ಪ. ಆಮೇಲೆ ನನ್ನನ್ನು ನೋಡಿ, ‘ಮೊದ್ಲೂ ಹಿಂಗ ಆಗಿತ್ತೇನ?’

ನೀನೂ ನನ್ನನ್ನೇ ನೋಡಿದೆ. ಬಾಯಲ್ಲಿ ಬೆಲ್ಲ ತುಂಬಿತ್ತು, ಮಾತಾಡುವಂತಿರಲಿಲ್ಲ.

‘ಇಲ್ಲಪ್ಪಾ. ಘಾಟನ ಅದು,’ ಎಂದೆ.

ನಮ್ಮೂರಲ್ಲಿ ಕೆಮ್ಮಿಗೆ, ಉಸಿರು ಕಟ್ಟಿದ್ದಕ್ಕೆ ಯಾರೂ ಬೇರೆ ಕಾರಣ ಹುಡುಕುವುದಿಲ್ಲ. ಮೆಣಸಿನಕಾಯಿ ಇರುವಾಗ ಇನ್ನೇನು ಬೇಕು? ನಿನ್ನ ಅವ್ವನಿಗೂ ನಾನು ಫೋನಿನಲ್ಲಿ ಅದನ್ನೇ ಹೇಳಿದೆ. ನೀನು ಪರೀಕ್ಷೆ ಬಿಟ್ಟು ನಿನ್ನೂರು ಗುತ್ತಲಕ್ಕೆ ಹೋದೆ. ಹೊಸ್ತಿಲು ದಾಟುವುದನ್ನೂ ಬಿಟ್ಟೆ. ನಿನ್ನ ಸಂಕಟವನ್ನು ಹುಟ್ಟಿಸಿದವಳು ನಾನಲ್ಲ, ಬಹುಶಃ. ಆದರೆ ಅದು ಎಲ್ಲರ ಎದುರು ಬಾಯಿ ತೆರೆದ ಒಂದೇ ಒಂದು ದಿನ ಅದಕ್ಕೆ ಬೇರೆ ಹೆಸರು ಕೊಟ್ಟೆ.

ಇವತ್ತು ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಆತ ಚಹಾ ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೋದ. ಆಮೇಲೆ ನಿನ್ನ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದರು:

‘ಮೂರು ವರ್ಷಾತು, ನಮ್ಮ ಮನ್ಯಾಗ ಒಂದು ಮೆಣಸಿನಕಾಯಿ ಹುರಿದಿಲ್ಲಬೇ ನಾ. ಮತ್ತ ಯಾಕ ಆರಾಮಾಗ್ಲಿಲ್ಲ ಅಂತ ದಿನಾ ಕೇಳತಿದ್ದೆ. ಇದಕ್ಕನೇನ?’

ಹೌದು ಎಂದೆ.

ಡಾಕ್ಟರ್ ಸಿಗುತ್ತಾರೆ, ರೇಣುಕಾ! ಈ ಸಲ ಖರೇನೇ ಫೋನ್ ಮಾಡಿದೆ. ಬರುವ ಸೋಮವಾರ ಹನ್ನೊಂದು ಗಂಟೆಗೆ ನಿನ್ನ ಸರದಿ. ದವಾಖಾನೆಯ ನಂಬರ್ ನಿನ್ನ ಅವ್ವನ ಬಳಿಯೂ ಇದೆ, ನೀವೇ ಕೇಳಿ ಖಾತ್ರಿ ಮಾಡಿಕೊಳ್ಳಿ. ನನ್ನ ಮಾತನ್ನು ನಂಬಬೇಡಿ. ಜೊತೆಗೆ ನಿನ್ನ ಅವ್ವ ಬರುತ್ತಾರೆ.

ನಾನು ಸೇದುವುದನ್ನು ಬಿಟ್ಟಿಲ್ಲ, ಇದನ್ನೂ ಹೇಳಬೇಕು. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಬಂದೆ. ನನ್ನ ಹೆಸರನ್ನೂ ಅಲ್ಲಿ ಬರೆಸಿದ್ದೇನೆ — ಗುರುವಾರಕ್ಕೆ, ಅಲ್ಲಿ ನೀನು ನನ್ನ ಮುಖ ನೋಡಬೇಕಾಗದ ಹಾಗೆ.